ಪರಿಸರ ವಿಜ್ಞಾನದ ಎಂ.ಎಸ್‌ಸಿ. ಅಧ್ಯಯನ: ಸಂತೆಮರಹಳ್ಳಿ, ಚಾಮರಾಜನಗರ, ಗುಂಡ್ಲುಪೇಟೆ ಸೀಮೆ

ಪರಿಸರ ವಿಜ್ಞಾನದ ಎಂ.ಎಸ್‌ಸಿ. ಎಂದರೆ ನೀರು, ಗಾಳಿ, ಮಣ್ಣು, ಕಾಡು, ಕಸ, ಕಾನೂನು ಇಷ್ಟನ್ನೂ ಒಟ್ಟಿಗೆ ಕಲಿಯುವ ಎರಡು ವರ್ಷದ, ನಾಲ್ಕು ಸೆಮಿಸ್ಟರಿನ ಸ್ನಾತಕೋತ್ತರ ಓದು. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರು ಅಳೆಯುವುದನ್ನು ಕಲಿತು ಬಂದಿರುತ್ತಾರೆ, ಸಸ್ಯಶಾಸ್ತ್ರದವರು ಗುರುತು ಹಿಡಿಯುವುದನ್ನು. ಇಲ್ಲಿ ಇಬ್ಬರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಕಲಿಯಬೇಕು. ಕೆರೆಯ ನೀರು ಹಸಿರಾಯಿತೆಂದರೆ ಅದರಲ್ಲಿ ಫಾಸ್ಫೇಟ್ ಎಷ್ಟಿದೆ, ಹಸಿರಾಗಿಸಿದ ಪಾಚಿ ಯಾವುದು, ಫಾಸ್ಫೇಟ್ ಬಂದದ್ದು ಹೊಲದ ಗೊಬ್ಬರದಿಂದಲೋ ಊರಿನ ಮೋರಿಯಿಂದಲೋ, ಮೋರಿ ನೀರನ್ನು ಕೆರೆಗೆ ಬಿಡಬಾರದೆಂದು ಹೇಳುವ ಕಾಯ್ದೆ ಯಾವುದು ಎಂಬ ನಾಲ್ಕು ಪ್ರಶ್ನೆಗೂ ಉತ್ತರ ಹುಡುಕಬೇಕಾದವರು ಒಬ್ಬರೇ.

ಈ ಓದನ್ನು ಸಂತೆಮರಹಳ್ಳಿಯಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ಚಾಮರಾಜನಗರ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಮೂಲಕ ಬೆಂಗಳೂರು–ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿ 948 ಹಾದುಹೋಗುತ್ತದೆ. ಒಂದು ಕಡೆ ಯಳಂದೂರು, ಅದರಾಚೆ ಬಿಳಿಗಿರಿರಂಗನ ಬೆಟ್ಟ. ಇನ್ನೊಂದು ಕಡೆ ಚಾಮರಾಜನಗರದ ಕರಿಕಲ್ಲಿನ ಕ್ವಾರಿಗಳು. ಬೆಟ್ಟದಿಂದ ಇಳಿದು ಬರುವ ಸುವರ್ಣಾವತಿ, ಅಂದರೆ ಜನ ಕರೆಯುವ ಹೊನ್ನುಹೊಳೆ, ಈ ಬಯಲಿನಲ್ಲಿ ಹರಿದು ಕಾವೇರಿ ಸೇರುತ್ತದೆ. ಗುಂಡ್ಲುಪೇಟೆಯ ದಾರಿ ಹಿಡಿದರೆ ಅರಿಶಿನದ ಹೊಲಗಳು, ಬತ್ತಿದ ಬೋರ್‌ವೆಲ್‌ಗಳು, ಕೊನೆಗೆ ಬಂಡೀಪುರದ ಕಾಡು. 1997ರಲ್ಲಿ ಮೈಸೂರಿನಿಂದ ಬೇರೆಯಾದ ಈ ಜಿಲ್ಲೆಯ ವಿಸ್ತೀರ್ಣ ಸುಮಾರು 5,100 ಚದರ ಕಿ.ಮೀ.; ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕಾಡು, ಉಳಿದದ್ದರಲ್ಲಿ ಬಹುಪಾಲು ಮಳೆ ನೆರಳಿನ ಒಣಭೂಮಿ. ಎಂ.ಎಸ್‌ಸಿ. ಪಠ್ಯದ ಯಾವ ಅಧ್ಯಾಯ ತೆರೆದರೂ ಅದರ ಉದಾಹರಣೆ ಇಲ್ಲಿ ಒಂದು ಬಸ್ಸಿನ ದೂರದಲ್ಲಿ ಸಿಗುತ್ತದೆ. ಆದರೆ ಇಲ್ಲಿನ ಹುಡುಗ ಹುಡುಗಿಯರ ಕೈಗೆ ಬರುವ ಪುಸ್ತಕದಲ್ಲಿ ಅಮೆರಿಕದ ಸರೋವರವೂ ಜಪಾನಿನ ಮಿನಮಾಟಾವೂ ಇರುತ್ತವೆ, ಹೊನ್ನುಹೊಳೆ ಇರುವುದಿಲ್ಲ. ಈ ಅಂತರವನ್ನು ತುಂಬುವುದೇ ಈ ಸೀಮೆಯಲ್ಲಿ ಪರಿಸರ ವಿಜ್ಞಾನ ಕಲಿಯುವವರ, ಕಲಿಸುವವರ ಮೊದಲ ಕೆಲಸ ಎಂಬುದು ಈ ಲೇಖಕನ ನಂಬಿಕೆ.

ವಿಷಯ ಬೆಳೆದುಬಂದ ಬಗೆ

ಪರಿಸರ ವಿಜ್ಞಾನ ಭಾರತದ ವಿಶ್ವವಿದ್ಯಾಲಯಗಳಿಗೆ ತಡವಾಗಿ ಬಂದ ವಿಷಯ. 1972ರ ಸ್ಟಾಕ್‌ಹೋಮ್ ಸಮ್ಮೇಳನ, 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆ, ಅದೇ ವರ್ಷ ಹುಟ್ಟಿದ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ಶಾಲೆ, 1984ರ ಭೋಪಾಲ್ ದುರಂತ, 1986ರ ಪರಿಸರ ಸಂರಕ್ಷಣಾ ಕಾಯ್ದೆ. ಹೀಗೆ ಕಾನೂನು ಮುಂದೆ, ಪಾಠ ಹಿಂದೆ ಎಂಬಂತೆ ಬೆಳೆಯಿತು. ನೀರು ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುವವರು ಬೇಕಾದರು. ಅವರನ್ನು ತಯಾರು ಮಾಡಲು ವಿಭಾಗಗಳು ಹುಟ್ಟಿದವು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರವನ್ನು ಮಾಧವ ಗಾಡ್ಗೀಳ್ 1980ರ ದಶಕದ ಆರಂಭದಲ್ಲಿ ಕಟ್ಟಿದರು. ಅದು ಸಂಶೋಧನೆಯ ದಾರಿ. ಎಂ.ಎಸ್‌ಸಿ.ಯ ದಾರಿ ಮೈಸೂರು, ಬೆಂಗಳೂರು, ಕುವೆಂಪು ಮುಂತಾದ ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ತೆರೆಯಿತು.

ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ಕೊಟ್ಟ ಆದೇಶವನ್ನು ಇಲ್ಲಿ ನೆನೆಯಲೇಬೇಕು. ಶಾಲೆ ಕಾಲೇಜುಗಳಲ್ಲಿ ಪರಿಸರ ಪಾಠ ಕಡ್ಡಾಯವಾಗಬೇಕೆಂದು ಅದು ಹೇಳಿತು. ಇದರಿಂದ ಪದವಿ ತರಗತಿಗಳಿಗೆಲ್ಲ ಪರಿಸರ ಅಧ್ಯಯನದ ಪತ್ರಿಕೆ ಬಂತು. ಪಾಠ ಮಾಡುವವರು ಮಾತ್ರ ಹಲವು ಕಾಲೇಜುಗಳಲ್ಲಿ ಕೆಲಸದ ಹೊರೆ ಕಡಿಮೆಯಿರುವ ಬೇರೆ ವಿಷಯದ ಮೇಷ್ಟರೇ ಆದರು. ಪರಿಸರ ವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡಿದವರಿಗೆ ಸಹಜವಾಗಿ ಸಿಗಬೇಕಿದ್ದ ಜಾಗ ಹೀಗೆ ಕೈತಪ್ಪಿತು. ಇದು ಇಂದಿಗೂ ಸರಿಯಾಗದ ಅನ್ಯಾಯ.

ಓದಲು ಹೋಗುವ ಜಾಗ

ಸಂತೆಮರಹಳ್ಳಿ ಕಡೆಯವರಿಗೆ ಮೊದಲು ನೆನಪಾಗುವುದು ಮೈಸೂರು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಮಾನಸಗಂಗೋತ್ರಿಯೆಂಬ ಆವರಣ 1960ರಲ್ಲಿ ಬಂತು, ಹೆಸರಿಟ್ಟವರು ಕುವೆಂಪು. ಅಲ್ಲಿಯ ಪರಿಸರ ವಿಜ್ಞಾನ ವಿಭಾಗಕ್ಕೆ ಹೊಂದಿಕೊಂಡ ಒಂದು ಭಾಗ್ಯವೆಂದರೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಈ ಕೆರೆ ಈಗ ವಿಶ್ವವಿದ್ಯಾಲಯದ ಸುಪರ್ದಿನಲ್ಲಿದೆ. ಬಾಟ್ಲಿ ಹಿಡಿದು ನಡೆದುಹೋಗಿ ಸ್ಯಾಂಪಲ್ ತರಬಹುದಾದಷ್ಟು ಹತ್ತಿರದಲ್ಲಿ ಒಂದು ಕೆರೆ ಇರುವುದು ಎಷ್ಟು ದೊಡ್ಡ ಅನುಕೂಲವೆಂದು ಕೆರೆಯಿಲ್ಲದ ಕಾಲೇಜಿನಲ್ಲಿ ಓದಿದವರಿಗೆ ಗೊತ್ತು.

ಜಿಲ್ಲೆಯಲ್ಲೇ ಉನ್ನತ ಓದಿಗೆ ಚಾಮರಾಜನಗರದ ಬೇಡರಪುರ ಬಳಿ ಸುವರ್ಣಗಂಗೋತ್ರಿ ಇದೆ. ಮೊದಲು ಮೈಸೂರು ವಿಶ್ವವಿದ್ಯಾಲಯದ ಡಾ. ಬಿ.ಆರ್. ಅಂಬೇಡ್ಕರ್ ಸ್ನಾತಕೋತ್ತರ ಕೇಂದ್ರವಾಗಿದ್ದ ಇದು 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯವಾಯಿತು. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲಿ ಎದ್ದಾಗ ಈ ಜಿಲ್ಲೆಯ ಮನೆಗಳಲ್ಲಿ ಆತಂಕವಾದದ್ದು ಸಹಜ. ಮೈಸೂರಿನ ಹಾಸ್ಟೆಲ್ ಖರ್ಚಿಗೂ ಮನೆಯಿಂದ ಹೋಗಿ ಬರುವ ಖರ್ಚಿಗೂ ಇರುವ ವ್ಯತ್ಯಾಸವೇ ಎಷ್ಟೋ ಹೆಣ್ಣುಮಕ್ಕಳ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದನ್ನು ತೀರ್ಮಾನಿಸುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಬಸ್ ಪಾಸಿನ ದುಡ್ಡು ಉಳಿಯಿತು. ಬೆಳಗಿನ ಬಸ್ಸಿನಲ್ಲಿ ಲ್ಯಾಬ್ ಕೋಟು ಮಡಚಿ ಬ್ಯಾಗಿಗೆ ತುರುಕಿಕೊಂಡು ನಿಂತ ಹುಡುಗಿಗೆ ಅದು ಸಣ್ಣ ಮಾತಲ್ಲ.

ಕಲಿಯುವುದು ಏನನ್ನು

ಪಠ್ಯದಲ್ಲಿ ಪರಿಸರ ರಸಾಯನಶಾಸ್ತ್ರ, ಪರಿಸರ ವ್ಯವಸ್ಥೆಗಳ ಅಧ್ಯಯನ, ಸೂಕ್ಷ್ಮಜೀವಿಶಾಸ್ತ್ರ, ನೀರು ಮತ್ತು ಗಾಳಿಯ ಮಾಲಿನ್ಯ, ಘನತ್ಯಾಜ್ಯ, ಸಂಖ್ಯಾಶಾಸ್ತ್ರ, ದೂರಸಂವೇದನೆ, ಪರಿಸರ ಕಾನೂನು, ಪರಿಸರ ಪರಿಣಾಮದ ಅಂದಾಜು ಇವೆಲ್ಲ ಹಾರ್ಡ್‌ಕೋರ್ (ಕಡ್ಡಾಯ), ಸಾಫ್ಟ್‌ಕೋರ್ (ಆಯ್ಕೆಯ) ಎಂದು ಹಂಚಿಹೋಗಿರುತ್ತವೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್. ಈ ಪಟ್ಟಿಯನ್ನು ಬೆಳೆಸುವುದಕ್ಕಿಂತ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡುವುದು ಲೇಸು.

ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ ಪ್ರತಿಯೊಬ್ಬ ವಿದ್ಯಾರ್ಥಿಯೂ ಮಾಡಲೇಬೇಕಾದ ಪ್ರಯೋಗ. 300 ಮಿಲಿಲೀಟರಿನ ಗಾಜಿನ ಬಾಟ್ಲಿಯನ್ನು ಕೆರೆಯಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಒಳಗೆ ಉಳಿಯದಂತೆ ತುಂಬಿ ಬಿರಡೆ ಹಾಕಬೇಕು. ಗುಳ್ಳೆ ಉಳಿದರೆ ಅಳೆಯುವುದು ಕೆರೆಯ ಆಮ್ಲಜನಕವನ್ನಲ್ಲ, ದಂಡೆಯ ಗಾಳಿಯನ್ನು. ನಂತರ ಬಾಟ್ಲಿಗೆ ಮ್ಯಾಂಗನಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣ ಬಿಡಬೇಕು, ಪಿಪೆಟ್ಟಿನ ತುದಿ ನೀರಿನೊಳಗೇ ಇರಬೇಕು. ಆಮ್ಲಜನಕ ಇದ್ದರೆ ಬಾಟ್ಲಿಯೊಳಗೆ ಕಂದು ಬಣ್ಣದ ಗಸಿ ಮೋಡದಂತೆ ಎದ್ದು ನಿಧಾನಕ್ಕೆ ತಳಕ್ಕಿಳಿಯುತ್ತದೆ. ಗಸಿ ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಉಸಿರಿಲ್ಲ. ಇಷ್ಟನ್ನು ಕೆರೆ ದಂಡೆಯಲ್ಲೇ ಮುಗಿಸಬೇಕು, ಲ್ಯಾಬಿಗೆ ತರುವಷ್ಟರಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ತಿಂದುಬಿಡುತ್ತವೆ. ಲ್ಯಾಬಿನಲ್ಲಿ ಗಂಧಕಾಮ್ಲ ಹಾಕಿದಾಗ ಗಸಿ ಕರಗಿ ಹಳದಿಯಾಗುತ್ತದೆ. ಬ್ಯೂರೆಟ್ಟಿನಿಂದ ಥಯೋಸಲ್ಫೇಟ್ ಬಿಡುತ್ತಾ ಹೋದಂತೆ ಹಳದಿ ಹುಲ್ಲಿನ ಬಣ್ಣಕ್ಕೆ ಇಳಿಯುತ್ತದೆ. ಆಗ ಸ್ಟಾರ್ಚ್ ಹಾಕಿದರೆ ಕಡುನೀಲಿ. ಇನ್ನೊಂದು ಹನಿ, ಮತ್ತೊಂದು ಹನಿ, ನೀಲಿ ಥಟ್ಟನೆ ಮಾಯವಾಗಿ ನೀರು ತಿಳಿಯಾದ ಆ ಗಳಿಗೆಯ ಅಂಕಿಯೇ ಉತ್ತರ.

ಈ ಪ್ರಯೋಗವನ್ನು ಒಂದೇ ಕೆರೆಯಲ್ಲಿ ಬೆಳಗಿನ ಜಾವಕ್ಕೊಮ್ಮೆ, ಮಧ್ಯಾಹ್ನಕ್ಕೊಮ್ಮೆ ಮಾಡಿದರೆ ಅಂಕಿ ಬೇರೆಬೇರೆ ಬರುತ್ತದೆ. ಹಗಲಲ್ಲಿ ಪಾಚಿ ಬಿಸಿಲುಂಡು ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಉಸಿರಾಡಿ ಖರ್ಚು ಮಾಡುತ್ತದೆ. ಕೊಳಚೆ ಸೇರಿದ ಕೆರೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ಆಮ್ಲಜನಕ ತಳ ಮುಟ್ಟಿರುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುವುದು ಆಗಲೇ. ಕೆರೆಯ ಏರಿಯ ಮೇಲೆ ಬೆಳೆದ ಮಕ್ಕಳು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಲ್ಯಾಬು ಅವರಿಗೆ ಕೊಡುವುದು ಕಂಡದ್ದಕ್ಕೆ ಒಂದು ಅಂಕಿ, ಅಂಕಿಗೆ ಒಂದು ಕಾರಣ. ಹಳ್ಳಿಯಿಂದ ಬಂದವರು ಈ ಓದಿನಲ್ಲಿ ಹಿಂದುಳಿದವರಲ್ಲ, ಅರ್ಧ ಪಾಠ ಮುಗಿಸಿಯೇ ಬಂದವರು ಎಂದು ಹೇಳುವುದು ಈ ಅರ್ಥದಲ್ಲಿ.

ಬೆಟ್ಟದ ಪಾಠ

ಬಿಳಿಗಿರಿರಂಗನ ಬೆಟ್ಟ 1974ರಿಂದ ವನ್ಯಜೀವಿಧಾಮ, 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ವಿಸ್ತೀರ್ಣ 574.82 ಚದರ ಕಿ.ಮೀ. ಡಾ. ಎಚ್. ಸುದರ್ಶನ್ 1981ರಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ, 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಏಟ್ರೀ ಸಂಶೋಧನಾ ಸಂಸ್ಥೆಯ ಕ್ಷೇತ್ರ ಕೇಂದ್ರವೂ ಇಲ್ಲಿವೆ. ದೇಶದ ಒಣಕಾಡುಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಗಣನೀಯ ಪಾಲು ಈ ಬೆಟ್ಟದಿಂದ ಬಂದದ್ದು.

ಲಂಟಾನದ ಕಥೆ ಕೇಳಿ. ಅಮೆರಿಕ ಖಂಡದ ಈ ಪೊದೆಗಿಡ ಇಂಗ್ಲಿಷರ ಕಾಲದಲ್ಲಿ ತೋಟದ ಅಲಂಕಾರಕ್ಕೆಂದು ಬಂತು. ಏಟ್ರೀಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ ಬಿಳಿಗಿರಿ ಕಾಡಿನಲ್ಲಿ ಗುರುತು ಹಾಕಿದ್ದ ನೆಲದ ತುಂಡುಗಳನ್ನು ಮತ್ತೆ ಅಳೆದರು. 1997ರಲ್ಲಿ ಸುಮಾರು ಶೇ 40ರಷ್ಟು ತುಂಡುಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ ಸುಮಾರು ಶೇ 80ರಲ್ಲಿ ಕಂಡಿತು. ಹನ್ನೊಂದು ವರ್ಷದಲ್ಲಿ ಇಮ್ಮಡಿ. ಕಾರಣವೇನು ಎಂಬುದಕ್ಕೆ ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಹತ್ತಿರ ಒಂದು ಉತ್ತರವಿತ್ತು: ತರಗು ಬೆಂಕಿ ನಿಂತದ್ದು. ಹುಲ್ಲು ಎತ್ತರಕ್ಕೆ ಬೆಳೆದು ಒಣಗುವ ಮೊದಲೇ, ಬೇಸಿಗೆಯ ಆರಂಭದಲ್ಲಿ, ಅವರು ನೆಲದ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದು ಮರದ ಬುಡ ಸುಡದೆ ನೆಲ ಸವರಿಕೊಂಡು ಹೋಗುತ್ತಿತ್ತು. ಕಾಡು ವನ್ಯಜೀವಿಧಾಮವಾದ ಮೇಲೆ ಬೆಂಕಿ ನಿಷಿದ್ಧವಾಯಿತು. ಬೆಂಕಿ ನಿಂತದ್ದರಿಂದ ನೆಲ್ಲಿಮರಕ್ಕೆ ಬಂದಳಿಕೆ ಹತ್ತುವುದೂ ಹೆಚ್ಚಾಯಿತೆಂದು ಸೋಲಿಗರು ಹೇಳಿದರು. ಸಂಶೋಧಕರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಮರಗಳನ್ನು ಎಣಿಸಿ ನೋಡಿದರು, ಪ್ರಬಂಧ ಬರೆದರು. ಒಬ್ಬ ಎಂ.ಎಸ್‌ಸಿ. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು. ಸ್ಥಳದವರ ಮಾತನ್ನು ಮೂಢನಂಬಿಕೆಯೆಂದು ತಳ್ಳಲಿಲ್ಲ, ಪವಾಡವೆಂದು ಹೊಗಳಲೂ ಇಲ್ಲ, ಅಳೆದು ನೋಡಿದರು.

ಅರಣ್ಯ ಹಕ್ಕು ಕಾಯ್ದೆಯಡಿ 2011ರ ಅಕ್ಟೋಬರ್‌ನಲ್ಲಿ ಇಲ್ಲಿಯ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮೂಹಿಕ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ದೇಶದಲ್ಲೇ ಮೊದಲ ಸಲ. ಸೋಲಿಗ ಸಮುದಾಯದಿಂದಲೇ ಬಂದ ಡಾ. ಸಿ. ಮಾದೇಗೌಡ ಈ ಕಾಡಿನ ಬಗ್ಗೆ ಪ್ರಬಂಧ ಬರೆಯುವ ಸಂಶೋಧಕರಾಗಿದ್ದಾರೆ. ಹಿಂದೆ ಸೋಲಿಗರು ಸಂಶೋಧಕರಿಗೆ ದಾರಿ ತೋರಿಸಲು ಮುಂದೆ ನಡೆದವರು. ಈಗ ಪ್ರಶ್ನೆ ಕೇಳುವ ಜಾಗದಲ್ಲೂ ಅವರಿದ್ದಾರೆ. ಈ ಬೆಟ್ಟದಿಂದ ವಿಜ್ಞಾನಕ್ಕೆ ಹೊಸದಾದ ಒಂದು ಕಣಜದ ಕುಲವನ್ನು ವಿವರಿಸಿದಾಗ ಅದಕ್ಕೆ ಇಟ್ಟ ಹೆಸರೇ ಸೋಲಿಗ.

ಗುಂಡ್ಲುಪೇಟೆ: ನೀರು, ಕಲ್ಲು, ರಸ್ತೆ

ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲವನ್ನು ಮಿತಿ ಮೀರಿ ಎತ್ತಿದ ತಾಲ್ಲೂಕುಗಳ ಸಾಲಿನಲ್ಲಿದೆ. ಅರಿಶಿನ, ಬಾಳೆ, ತರಕಾರಿಗೆ ನೀರು ಬೇಕು, ಗುಂಡ್ಲುಹೊಳೆ ಹೆಚ್ಚು ಕಾಲ ಒಣಗಿಯೇ ಇರುತ್ತದೆ, ಉಳಿದದ್ದು ಬೋರ್‌ವೆಲ್. ಗಟ್ಟಿ ಬಂಡೆಯ ಈ ನೆಲದಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಂತೆ ಬಂಡೆಯೊಂದಿಗೆ ಬಹುಕಾಲ ಕೂತ ನೀರು ಲವಣವನ್ನೂ ಕೆಲವೆಡೆ ಫ್ಲೋರೈಡನ್ನೂ ಹೊತ್ತು ಬರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ನೈಟ್ರೇಟ್ 45 ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಫ್ಲೋರೈಡು ಬಂಡೆಯ ಪಾಪ, ನೈಟ್ರೇಟು ಬಹುಮಟ್ಟಿಗೆ ನಮ್ಮದು: ಯೂರಿಯಾ, ತಿಪ್ಪೆ, ಕಕ್ಕಸುಗುಂಡಿ. ಕಬಿನಿ ನೀರನ್ನು ಏತದಿಂದ ತಂದು ಈ ಭಾಗದ ಕೆರೆಗಳಿಗೆ ತುಂಬಿಸುವ ಯೋಜನೆ ಬಂದ ಮೇಲೆ ಒಳ್ಳೆಯ ಪ್ರಾಜೆಕ್ಟ್ ವಿಷಯವೊಂದು ತಾನಾಗಿ ಒದಗಿದೆ. ತುಂಬಿದ ಕೆರೆಯ ಸುತ್ತಿನ ಬೋರ್‌ವೆಲ್‌ಗಳ ಮಟ್ಟವನ್ನೂ ನೀರಿನ ಗುಣವನ್ನೂ ತುಂಬದ ಕೆರೆಯ ಸುತ್ತಿನವುಗಳೊಂದಿಗೆ ಹೋಲಿಸಿ ನೋಡುವುದು. ಈ ಸೀಮೆಗೆ ಮಳೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಜೋರಾಗುತ್ತದೆ. ಮಾರ್ಚಿನಲ್ಲಿ ಒಂದು ಸುತ್ತು, ನವೆಂಬರಿನಲ್ಲಿ ಒಂದು ಸುತ್ತು ಸ್ಯಾಂಪಲ್ ತೆಗೆಯದ ಅಧ್ಯಯನ ಅರ್ಧಂಬರ್ಧ.

ಕಲ್ಲಿನದು ಇನ್ನೊಂದು ಅಧ್ಯಾಯ. ಚಾಮರಾಜನಗರದ ಕರಿಕಲ್ಲಿಗೆ ಹೊರದೇಶದಲ್ಲೂ ಹೆಸರಿದೆ. ದೀಪಕ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಕೊಟ್ಟ ತೀರ್ಪಿನಿಂದ ಐದು ಹೆಕ್ಟೇರಿಗಿಂತ ಸಣ್ಣ ಕ್ವಾರಿಗೂ ಪರಿಸರ ಅನುಮತಿ ಬೇಕಾಯಿತು. ಅನುಮತಿಗೆ ವರದಿ ಬೇಕು, ವರದಿಗೆ ಧೂಳು, ಸದ್ದು, ನೀರು ಅಳೆಯುವವರು ಬೇಕು. ಎಂ.ಎಸ್‌ಸಿ. ಮುಗಿಸಿದ ಎಷ್ಟೋ ಮಂದಿಗೆ ಮೊದಲ ಸಂಬಳ ಇಂಥ ವರದಿ ತಯಾರಿಸುವ ಕನ್ಸಲ್ಟೆನ್ಸಿಯಿಂದಲೇ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಕ್ವಾರಿ ಗುಡ್ಡ ಕುಸಿದು ಕಾರ್ಮಿಕರು ಸತ್ತರು. ವರದಿಯ ಒಂದು ಪುಟವನ್ನು ಬೇರೆ ಊರಿನ ವರದಿಯಿಂದ ನಕಲು ಮಾಡಿ ಅಂಟಿಸುವಾಗ ಆ ಗುಡ್ಡ ನೆನಪಾಗಬೇಕು.

ಬಂಡೀಪುರದ ವಿಷಯಕ್ಕೆ ಬಂದರೆ, 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಕಾಡುಗಳಲ್ಲಿ ಇದೊಂದು. ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲಿ ಇಲ್ಲಿ ಕಾಡುನಾಯಿಗಳ ಹಿಂದೆ ಬಿದ್ದು ಅಧ್ಯಯನ ಮಾಡಿದರು. ರಾಮನ್ ಸುಕುಮಾರ್ 1980ರ ದಶಕದ ಆರಂಭದಲ್ಲಿ ಚಾಮರಾಜನಗರ–ಸತ್ಯಮಂಗಲ ಕಾಡುಗಳಲ್ಲಿ ಆನೆಗಳನ್ನು, ಅವು ನುಗ್ಗುವ ಹೊಲಗಳನ್ನು ಅಭ್ಯಾಸ ಮಾಡಿದರು. 2009ರಿಂದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂತು, ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2019ರ ಫೆಬ್ರವರಿಯ ಬೆಂಕಿಯಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟದ್ದನ್ನು ಉಪಗ್ರಹ ಚಿತ್ರದಿಂದ ಲೆಕ್ಕ ಹಾಕಿದರು. ದೂರಸಂವೇದನೆಯ ಪಾಠಕ್ಕೆ ಅದೇ ಜೀವಂತ ಉದಾಹರಣೆ. ಇಸ್ರೋದ ಭುವನ್ ಜಾಲತಾಣದಲ್ಲಿ ನಕ್ಷೆಗಳು ಪುಕ್ಕಟೆ ಸಿಗುತ್ತವೆ, ಬೇಕಾದದ್ದು ಒಂದು ಕಂಪ್ಯೂಟರು ಮತ್ತು ತಾಳ್ಮೆ.

ಹತ್ತಿರದ್ದನ್ನು ಮರೆಯುವುದು ಬೇಡ. ಸಂತೆಮರಹಳ್ಳಿಗೆ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯ ನಂಟಿದೆ. ಗೂಡು ಬೇಯಿಸಿದ ನೀರಿನಲ್ಲಿ ಅಂಟೂ ಹುಳುವಿನ ಅಂಶವೂ ಸೇರಿ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಆ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ, ಮೇಲೇರುತ್ತದೆ. ಹೊಳೆಗೆ ಬಿಡುವ ನೀರಿಗೆ ಅದರ ಮಿತಿ ಲೀಟರಿಗೆ 30 ಮಿಲಿಗ್ರಾಂ. ಇಂಥ ನೀರನ್ನು ಹಿಪ್ಪುನೇರಳೆ ತೋಟಕ್ಕೇ ಹೇಗೆ ತಿರುಗಿಸಬಹುದು ಎಂಬುದು ಎರಡು ವರ್ಷ ತಲೆ ಕೆಡಿಸಿಕೊಳ್ಳಲು ಯೋಗ್ಯವಾದ ಪ್ರಶ್ನೆ.

ಕೆಲಸ

ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಯೋಗಾಲಯಗಳು, ಖಾಸಗಿ ಲ್ಯಾಬ್‌ಗಳು, ಪುರಸಭೆಗಳ ಕಸ ಮತ್ತು ಕೊಳಚೆನೀರಿನ ಘಟಕಗಳು, ನಂಜನಗೂಡು ಹಾಗೂ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಪಾಠದ ಹೊರಗಿನ ಅವಕಾಶಗಳು. ಪಾಠ ಮಾಡುವುದಕ್ಕೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು. ಒಂದು ಎಚ್ಚರಿಕೆಯನ್ನು ಬಿ.ಎಸ್‌ಸಿ. ಸೇರುವ ಹೊತ್ತಿಗೇ ಹೇಳಬೇಕು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಓದಿರಬೇಕಾದ ವಿಷಯಗಳ ಪಟ್ಟಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ ಇವೆ, ಪರಿಸರ ವಿಜ್ಞಾನ ಇಲ್ಲ. ಆದ್ದರಿಂದ ಪದವಿಯಲ್ಲಿ ಜೊತೆಗೆ ರಸಾಯನಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಇಟ್ಟುಕೊಂಡವರಿಗೆ ಬಾಗಿಲು ತೆರೆದಿರುತ್ತದೆ. ಕಾಡಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವರು ಈ ಒಂದು ಸಾಲು ಗೊತ್ತಿಲ್ಲದೆ ಅವಕಾಶ ಕಳೆದುಕೊಳ್ಳಬಾರದು.

ಭಾಷೆ ಮತ್ತು ಪ್ರಾಜೆಕ್ಟ್

ಪಾಠ, ಪರೀಕ್ಷೆ, ಪ್ರಬಂಧ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿದವರಿಗೆ ಮೊದಲ ಸೆಮಿಸ್ಟರು ನಿಜಕ್ಕೂ ಕಷ್ಟ. ಕನ್ನಡದಲ್ಲಿ ಈ ವಿಷಯಕ್ಕೆ ಭಾಷೆಯಿಲ್ಲ ಎನ್ನುವುದು ಮಾತ್ರ ಸುಳ್ಳು. ಬಿ.ಜಿ.ಎಲ್. ಸ್ವಾಮಿ, ಪೂರ್ಣಚಂದ್ರ ತೇಜಸ್ವಿ, ನಾಗೇಶ ಹೆಗಡೆ, ಕಾಡುನಾಯಿಗಳನ್ನು ಜಗತ್ತಿಗೆ ತೋರಿಸಿದ ಕೃಪಾಕರ–ಸೇನಾನಿ, ಇವರು ಗಿಡ, ಹುಳ, ಗಣಿ, ಹುಲಿ ಎಲ್ಲದರ ಬಗ್ಗೆ ಸೊಗಸಾದ ಕನ್ನಡದಲ್ಲಿ ಬರೆದಿದ್ದಾರೆ. ಇಂಥವನ್ನು ಓದಿಕೊಂಡವರಿಗೆ ಇಂಗ್ಲಿಷ್ ಪಠ್ಯವೂ ಬೇಗ ಹತ್ತುತ್ತದೆ, ವಿಷಯ ಮೊದಲೇ ತಲೆಯಲ್ಲಿ ಕೂತಿರುತ್ತದೆ.

ಭಾಷೆಯ ಸಮಸ್ಯೆ ನಿಜಕ್ಕೂ ಕಾಡುವುದು ಕೊನೆಯಲ್ಲಿ, ಪ್ರಾಜೆಕ್ಟ್ ಮುಗಿದಾಗ. ಬೈಂಡ್ ಮಾಡಿಸಿದ ಪ್ರತಿಗಳು ವಿಭಾಗದ ಬೀರು ಸೇರುತ್ತವೆ. ನೀರು ಕೊಟ್ಟ ಊರಿಗೆ ಫಲಿತಾಂಶ ಗೊತ್ತಾಗುವುದೇ ಇಲ್ಲ. ಇದಕ್ಕೊಂದು ದಾರಿ ಕಾನೂನಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ವಿದ್ಯಾರ್ಥಿಯ ವರದಿಯ ಎರಡು ಪುಟದ ಕನ್ನಡ ಸಾರವನ್ನು ಆ ದಾಖಲೆಗೆ ಸೇರಿಸುವುದನ್ನು ವಿಭಾಗಗಳು ಕಡ್ಡಾಯ ಮಾಡಬಹುದು; ಅದಕ್ಕೆ ಹೊಸ ಹುದ್ದೆಯೂ ಬೇಡ, ಅನುದಾನವೂ ಬೇಡ. ಬಾಟ್ಲಿಗೆ ಲೇಬಲ್ ಅಂಟಿಸುತ್ತಿರುವ ಹುಡುಗಿಯನ್ನು ಬೋರ್‌ವೆಲ್ ಪಕ್ಕದ ಮನೆಯ ಅಜ್ಜಿ ಕೇಳುವ ಪ್ರಶ್ನೆ ಒಂದೇ: "ಯಾನವ್ವ, ಈ ನೀರ ಕುಡೀಬೌದಾ?" ಆ ಎರಡು ಪುಟದಲ್ಲಿ ಮೊದಲ ಸಾಲಿಗೇ ಬರಬೇಕಾದದ್ದು ಈ ಪ್ರಶ್ನೆಗೆ ಉತ್ತರ.